ನಾವೇ ‘ಓಡು’ ಅಂದಿದ್ದೆವು

ಹೋದ ವರ್ಷ ಶ್ರಾವಣದಲ್ಲಿ ನಮ್ಮ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ವಿಡಿಯೊ ಓಡಾಡಿತ್ತು. ನಿಮ್ಮ ಫೋನಿಗೂ ಬಂದಿರಬಹುದು. ನಲವತ್ತು ಸೆಕೆಂಡಿನದು. ಕೆಂಪು ಟೀಶರ್ಟಿನ ಹುಡುಗಿಯೊಬ್ಬಳು ಜೀವ ಬಿಟ್ಟು ಓಡಿ ಬಂದು ಹೋಮ್ ಬೇಸ್ ತುಳಿಯುತ್ತಾಳೆ, ತಕ್ಷಣ ಹಿಂದೆ ತಿರುಗಿ ನೋಡುತ್ತಾಳೆ. ಅವಳ ಹತ್ತಿರ ಯಾರೂ ಇಲ್ಲ, ಯಾರೂ ಅವಳನ್ನು ಮುಟ್ಟಿಲ್ಲ. ಆದರೂ ಅಂಪೈರ್ ಮುಷ್ಟಿ ಎತ್ತಿ ಔಟ್ ಕೊಡುತ್ತಾರೆ. ಆಟ ಅಲ್ಲಿಗೆ ಮುಗಿಯುತ್ತದೆ. ವಿಡಿಯೊದ ಮೇಲೆ ಹೀಗೆ ಬರೆದಿತ್ತು: ‘ಯಾರೂ ಮುಟ್ಟದೇ ಔಟ್! ಹಳ್ಳಿ ಹುಡುಗಿಯರಿಗೆ ಅಂಪೈರ್ ಮಾಡಿದ ಮೋಸ ನೋಡಿ.’

ಆ ವಿಡಿಯೊ ತೆಗೆದವರು ನಾವು. ಆ ಸಾಲು ಬರೆದವರೂ ನಾವೇ. ಮೋಸ ಏನೂ ಆಗಿರಲಿಲ್ಲ.

ನಾವು ಅಂದರೆ ಮೂವರು. ತಿಂಥಣಿಯವರು. ಪತ್ರಿಕೋದ್ಯಮ ಓದಿ ಊರಿಗೆ ಬಂದವರು. ಒಬ್ಬ ಪೇಪರಿಗೆ ಸುದ್ದಿ ಕಳಿಸುತ್ತಾನೆ, ಒಬ್ಬ ಆನ್‌ಲೈನ್ ಅಂಗಡಿಯಲ್ಲಿ ಪಹಣಿ ತೆಗೆದುಕೊಡುತ್ತಾನೆ, ಇನ್ನೊಬ್ಬ ಹೊಲ ನೋಡಿಕೊಂಡು ಪರೀಕ್ಷೆಗೆ ಓದುತ್ತಾನೆ. ತಿಂಥಣಿ ಅಂದರೆ ಹೊರಗಿನವರಿಗೆ ಮೌನೇಶ್ವರನ ಗುಡಿ, ಜಾತ್ರೆ, ಕೃಷ್ಣಾ ನದಿಯ ಮೇಲಿನ ಬ್ರಿಜ್ಜು. ಸಾಫ್ಟ್‌ಬಾಲ್ ಅಂತೂ ಅಲ್ಲ. ನಮಗೂ ಎರಡು ವರ್ಷದ ಹಿಂದಿನವರೆಗೆ ಆ ಆಟದ ಹೆಸರು ಬಿಟ್ಟು ಬೇರೆ ಏನೂ ಗೊತ್ತಿರಲಿಲ್ಲ.

ಗೊತ್ತಾಗಿದ್ದು ತಂಗಿಯಿಂದ. ನಮ್ಮಲ್ಲೊಬ್ಬನ ಕಾಕಾನ ಮಗಳು, ಹಾಗಾಗಿ ಮೂವರಿಗೂ ತಂಗಿ. ಹೈಸ್ಕೂಲಿನಲ್ಲಿ ಖೋಖೋ ಆಡುತ್ತಿದ್ದಳು. ಅವರ ಪಿ.ಟಿ. ಸರ್ ಒಂದು ದಿನ ಮನೆಗೇ ಬಂದು ಕಾಕಾನಿಗೆ ಹೇಳಿದರಂತೆ, “ನೋಡ್ರಿ ಯಜಮಾನ್ರ, ಖೋಖೋದಾಗ, ಕಬಡ್ಡಿಯಾಗ ಭಾಳ ತಂಡ ಬರ್ತಾವ. ಸಾಫ್ಟ್‌ಬಾಲ್ ಆಡೋರು ಕಡಿಮಿ. ಓಡೋ ಹುಡುಗಿ ಇದ್ರ ಮ್ಯಾಲಿನ ಮಟ್ಟಕ್ಕ ಹೋಗೋ ದಾರಿ ಹತ್ತಿರ ಅದ.” ಕಾಕಾ ಹತ್ತಿ, ತೊಗರಿ ಬೆಳೆಯುವ ಮನುಷ್ಯ. ಮಗಳನ್ನು ರಾತ್ರಿ ಬೇರೆ ಊರಲ್ಲಿ ಉಳಿಯಲು ಕಳಿಸುವುದೇ ಅವನಿಗೆ ದೊಡ್ಡ ಮಾತು. ಕಾಕಿ ಜಗಳ ಮಾಡಿ ಒಪ್ಪಿಸಿದಳು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ಕಡೆ ಒಂಬತ್ತು ಜನ. ಚೌಕದ ನಾಲ್ಕು ಮೂಲೆಗೆ ನಾಲ್ಕು ಬೇಸ್, ಒಂದರಿಂದ ಇನ್ನೊಂದಕ್ಕೆ 60 ಅಡಿ, ಅಂದರೆ 18 ಮೀಟರಿಗೆ ಸ್ವಲ್ಪ ಹೆಚ್ಚು. ಪಿಚರ್ ಕೈ ಕೆಳಗಿನಿಂದ ಬೀಸಿ ಚೆಂಡು ಹಾಕುತ್ತಾಳೆ, ಬ್ಯಾಟರ್ ಹೊಡೆದು ಮೊದಲ ಬೇಸಿಗೆ ಓಡುತ್ತಾಳೆ, ಆಮೇಲೆ ಎರಡು, ಮೂರು, ಕೊನೆಗೆ ಹೊರಟಲ್ಲಿಗೇ ವಾಪಸ್. ಅದಕ್ಕೆ ಹೋಮ್ ಅಂತಾರೆ. ಸುತ್ತು ಮುಗಿಸಿದರೆ ಒಂದು ರನ್. ಮೂರು ಔಟಾದರೆ ಎದುರಿನವರ ಸರದಿ. ಹೀಗೆ ಏಳು ಇನ್ನಿಂಗ್ಸ್. ಹೆಸರಿಗೆ ಸಾಫ್ಟ್ ಅಷ್ಟೆ, ಚೆಂಡು ಮೆತ್ತಗಿಲ್ಲ. ಸುತ್ತಳತೆ 12 ಇಂಚು, ಮೈಗೆ ತಾಗಿದರೆ ಎರಡು ದಿನ ಅರಿಶಿಣ ಹಚ್ಚಬೇಕು.

ಶಾಲೆಯಲ್ಲಿ ಗ್ಲೌಸು ಎಲ್ಲರಿಗೂ ಸಾಲುವಷ್ಟು ಇರಲಿಲ್ಲ, ಬೇಸ್ ಅಂತೂ ಇರಲೇ ಇಲ್ಲ. ಯೂರಿಯಾ ಚೀಲಕ್ಕೆ ಹೊಳೆಯ ಉಸುಕು ತುಂಬಿ, ಬಾಯಿ ಹೊಲಿದು ನಾಲ್ಕು ಮೂಲೆಗೆ ಇಟ್ಟಿದ್ದರು. ಹಾಗೆ ಕಲಿತ ಹುಡುಗಿಯರು ಹೋದ ವರ್ಷ ಜಿಲ್ಲಾ ಮಟ್ಟದ ಆಟದ ತನಕ ಹೋದರು. ಊರಿಂದ ಎರಡು ಟಂಟಂ ತುಂಬಾ ಜನ ನೋಡಲು ಹೋಗಿದ್ದೆವು. ಕಾಕಾನೂ ಬಂದಿದ್ದ.

ಕೊನೆಯ ಇನ್ನಿಂಗ್ಸ್. ಎದುರಿನವರದು 6, ನಮ್ಮದು 5. ಒಂದು ಔಟ್ ಆಗಿತ್ತು. ತಂಗಿ ಮೂರನೇ ಬೇಸಿನಲ್ಲಿ ನಿಂತಿದ್ದಳು. ಅವಳು ಹೋಮಿಗೆ ಬಂದರೆ ಸಮ. ಬ್ಯಾಟು ಹಿಡಿದ ಹುಡುಗಿ ಎಡಗಡೆ ದೂರಕ್ಕೆ ಎತ್ತಿ ಹೊಡೆದಳು. ಚೆಂಡು ಮುಗಿಲಿಗೆ ಹೋಯಿತು. ನಾವೆಲ್ಲ ಎದ್ದು ನಿಂತು ಒಂದೇ ಸಮ ಕೂಗಿದೆವು, “ಓಡು! ಓಡಲೇ! ಓಡು!” ತಂಗಿ ಓಡಿದಳು. ಅಲ್ಲಿ ದೂರದಲ್ಲಿ ಎದುರಿನ ತಂಡದ ಹುಡುಗಿ ಹಿಂದಕ್ಕೆ ಓಡುತ್ತ ಚೆಂಡು ಹಿಡಿದಳು. ಹಿಡಿದರೆ ಹೊಡೆದವಳು ಔಟ್, ಅದು ನಮಗೂ ಗೊತ್ತಿತ್ತು. ಆದರೆ ತಂಗಿ ಹೋಮ್ ತುಳಿದಿದ್ದಳಲ್ಲ. ಸಮ ಆಯಿತು ಅಂತ ನಾವು ಕುಣಿಯುತ್ತಿದ್ದಾಗಲೇ ಆ ಹುಡುಗಿ ಚೆಂಡನ್ನು ಮೂರನೇ ಬೇಸಿಗೆ ಎಸೆದಳು. ಅಲ್ಲಿದ್ದವಳು ಚೆಂಡು ಹಿಡಿದು ಬೇಸ್ ಮೇಲೆ ಕಾಲಿಟ್ಟು ಅಂಪೈರ್ ಕಡೆ ನೋಡಿ ಏನೋ ಅಂದಳು. ಅಲ್ಲಿಯವರೆಗೆ ಸುಮ್ಮನಿದ್ದ ಅಂಪೈರ್ ಮುಷ್ಟಿ ಎತ್ತಿದರು.

ಟಂಟಂನಲ್ಲಿ ವಾಪಸ್ ಬರುವಾಗ ಒಂದೇ ಮಾತು. ಮುಟ್ಟಲಿಲ್ಲ, ತಟ್ಟಲಿಲ್ಲ, ಹುಡುಗಿ ಬಿಟ್ಟು ಹೋದ ಚೀಲದ ಮ್ಯಾಲ ಕಾಲಿಟ್ಟರ ಔಟ್ ಹ್ಯಾಂಗ ಆಗ್ತದ? ಎದುರಿನ ಹುಡುಗಿ ಕೇಳಿದ ಮ್ಯಾಲೇ ಅಂಪೈರ್ ಔಟ್ ಕೊಟ್ಟ ಅಂದ್ರ ಇಬ್ಬರೂ ಕೂಡ್ಯಾರ. ಊರು ಮುಟ್ಟುವ ಮೊದಲೇ ನಾವು ವಿಡಿಯೊ ಹಾಕಿದ್ದೆವು. ರಾತ್ರಿ ಮಲಗುವಷ್ಟರಲ್ಲಿ ಅದು ಸುರಪುರ, ಶಹಾಪುರ, ಹೊಳೆ ಆಚೆ ದೇವದುರ್ಗದ ಗುಂಪುಗಳಿಂದ ಸುತ್ತಿ ನಮಗೇ ವಾಪಸ್ ಬಂದಿತ್ತು. ಕೆಳಗೆ ಅಂಪೈರನ್ನು ಬೈದಿದ್ದನ್ನು ಇಲ್ಲಿ ಬರೆಯಲಾಗುವುದಿಲ್ಲ. ಸುಳ್ಳು ಯಾಕೆ ಹೇಳಬೇಕು, ನಮಗೆ ಖುಷಿಯಾಗಿತ್ತು. ನಾವು ಬರೆದದ್ದನ್ನು ಅಷ್ಟು ಜನ ಓದಿದ್ದು ಅದೇ ಮೊದಲು.

ಕಾಕಾ ಮಾತ್ರ ಏನೂ ಬೈಯಲಿಲ್ಲ. ಮರುದಿನ ಬೆಳಿಗ್ಗೆ ಅಂದ, “ಇಂಥಾ ಮೋಸದ ಆಟಕ್ಕ ಇನ್ನ ಕಳಸಂಗಿಲ್ಲ. ಓದು, ಇಲ್ಲಾಂದ್ರ ಮನಿಯಾಗಿರು.”

ಮೂರನೇ ದಿನ ಸಂಜೆ ತಂಗಿ ನಾವು ಕೂತಿದ್ದ ಅಂಗಡಿಗೆ ಬಂದಳು. ಬಂದವಳು ನೇರವಾಗಿ ಅಂದಳು, “ಅಣ್ಣಾ, ನಾ ಔಟ್ ಇದ್ದೆ.”

ನಾವು ನಕ್ಕೆವು. ಬೇಜಾರಿನಲ್ಲಿ ಹಾಗೆ ಅನ್ನುತ್ತಾಳೆ ಅಂದುಕೊಂಡೆವು.

“ನಾ ಔಟ್ ಇದ್ದೆ. ಹೋಮ್ ತುಳದ ಮ್ಯಾಲ ಹಿಂದ ತಿರುಗಿ ಯಾಕ ನೋಡಿನಿ? ಅವರು ಅಪೀಲ್ ಮಾಡ್ತಾರೋ ಇಲ್ಲೋ ಅಂತ ನೋಡಿನಿ. ನೀವು ಯಾರೂ ನನ್ನ ಕೇಳಲೇ ಇಲ್ಲ.”

ನಾವು ಮೂರು ಜನ, ಮೂರು ಡಿಗ್ರಿ. ಸುದ್ದಿ ಬರೆಯುವ ಮೊದಲು ಯಾರನ್ನು ಮಾತಾಡಿಸಬೇಕು ಅಂತ ಮೂರು ವರ್ಷ ಓದಿದ್ದೆವು. ಓಡಿದವಳನ್ನೇ ಕೇಳಿರಲಿಲ್ಲ.

ತಂಗಿ ನಮ್ಮ ಫೋನು ತೆಗೆದುಕೊಂಡು ವಿಡಿಯೊವನ್ನು ನಿಧಾನಕ್ಕೆ ಓಡಿಸಿದಳು. ನಾವು ಹಾಕಿದ್ದು ನಲವತ್ತು ಸೆಕೆಂಡು ಮಾತ್ರ, ಫೋನಿನಲ್ಲಿ ಅದಕ್ಕಿಂತ ಮೊದಲಿನದೂ ಇತ್ತು. ಅದರಲ್ಲಿ ಚೆಂಡು ಇನ್ನೂ ಗಾಳಿಯಲ್ಲಿದೆ, ತಂಗಿಯ ಕಾಲು ಬೇಸ್ ಬಿಟ್ಟಾಗಿದೆ. ಚೆಂಡು ಗ್ಲೌಸಿಗೆ ಬೀಳುವಷ್ಟರಲ್ಲಿ ಅವಳು ಅರ್ಧ ದಾರಿ ದಾಟಿದ್ದಾಳೆ. ಬೇಸಿನ ಪಕ್ಕ ನಮ್ಮದೇ ತಂಡದ ಹುಡುಗಿಯೊಬ್ಬಳು ಎರಡೂ ಅಂಗೈ ಮುಂದೆ ಮಾಡಿ ‘ನಿಲ್ಲು’ ಅನ್ನುತ್ತಿದ್ದಾಳೆ. ರನ್ನರಿಗೆ ದಾರಿ ಹೇಳಲು ಅಲ್ಲಿ ಒಬ್ಬರು ನಿಲ್ಲುವುದು ಈ ಆಟದಲ್ಲಿ ಪದ್ಧತಿ. ಅವಳ ಬಾಯಿ ಅಲ್ಲಾಡುವುದು ಕಾಣುತ್ತದೆ, ದನಿ ಕೇಳುವುದಿಲ್ಲ. ಕೇಳುವುದು ನಮ್ಮ ದನಿ. ಓಡು, ಓಡಲೇ, ಓಡು.

ನಿಯಮ ಹೀಗಿದೆ. ಹೊಡೆದ ಚೆಂಡು ನೆಲಕ್ಕೆ ತಾಗದೆ ಕ್ಯಾಚ್ ಆದರೆ, ಬೇಸಿನಲ್ಲಿದ್ದ ರನ್ನರ್ ಆ ಬೇಸ್ ಬಿಡದೆ ಇದ್ದಿರಬೇಕು, ಬಿಟ್ಟಿದ್ದರೆ ವಾಪಸ್ ಹೋಗಿ ಮುಟ್ಟಬೇಕು. ಚೆಂಡು ಫೀಲ್ಡರಿಗೆ ಮೊದಲು ತಾಗಿದ ಕ್ಷಣದಿಂದ ಓಡಬಹುದು. ಪೂರ್ತಿ ಹಿಡಿಯುವ ತನಕ ಕಾಯಬೇಕಿಲ್ಲ, ತಾಗಿದರೆ ಸಾಕು. ಇದು ಯಾಕೆಂದರೆ ಮೊದಲು ತಾಗಿಸಿ, ಕೈಯಲ್ಲಿ ಎರಡು ಮೂರು ಸಲ ಪುಟಿಸುತ್ತ ರನ್ನರನ್ನು ಹಾಗೇ ನಿಲ್ಲಿಸುವ ಜಾಣತನ ನಡೆಯಬಾರದು ಅಂತ. ಮೊದಲೇ ಬಿಟ್ಟು ಓಡಿದ್ದರೆ, ಎದುರಿನವರು ಚೆಂಡು ಹಿಡಿದು ಅವಳು ಬಿಟ್ಟ ಬೇಸನ್ನು ಮುಟ್ಟಿ ಅಂಪೈರಿಗೆ ಹೇಳಿದರೆ ಔಟ್. ಅವಳ ಮೈ ಮುಟ್ಟಬೇಕಿಲ್ಲ. ಅವಳು ಹೋಮ್ ತುಳಿದಿದ್ದರೂ ಲೆಕ್ಕಕ್ಕಿಲ್ಲ.

ಅಂಪೈರ್ ಅಲ್ಲಿಯವರೆಗೆ ಯಾಕೆ ಸುಮ್ಮನಿದ್ದರು ಅನ್ನುವುದೂ ಇದರಲ್ಲೇ ಇದೆ. ಮೊದಲೇ ಬಿಟ್ಟಿದ್ದನ್ನು ಅಂಪೈರ್ ಕಣ್ಣಾರೆ ನೋಡಿದ್ದರೂ ತಾವಾಗಿ ಹೇಳುವಂತಿಲ್ಲ. ಎದುರಿನವರು ಕೇಳಬೇಕು. ಮುಂದಿನ ಪಿಚ್ ಹಾಕುವುದರೊಳಗೆ ಕೇಳಬೇಕು, ಹಾಕಿದ ಮೇಲೆ ಕೇಳಿದರೆ ಇಲ್ಲ. ಕ್ರಿಕೆಟ್ಟಿನಲ್ಲಿ ‘ಹೌಜ್ಯಾಟ್’ ಅನ್ನದಿದ್ದರೆ ಅಂಪೈರ್ ಔಟ್ ಕೊಡುವುದಿಲ್ಲವಲ್ಲ, ಹಾಗೇ. ಮೌನೇಶ್ವರನ ಊರಿನವರಾಗಿ ನಾವು ಒಬ್ಬ ಮನುಷ್ಯನ ಮೌನವನ್ನು ಸಂಚು ಅಂತ ಓದಿದ್ದೆವು.

“ಮತ್ತ ನಿನಗ ಗೊತ್ತಿದ್ರ ಓಡಿದ್ಯಾಕ?” ಅಂತ ಕೇಳಿದೆವು. ತಂಗಿ ನಮ್ಮ ಮುಖ ನೋಡಿದಳು. ಉತ್ತರ ಹೇಳಲಿಲ್ಲ.

ನಾವು ‘ಓಡು’ ಅಂದದ್ದು ಕ್ರಿಕೆಟ್ ನೋಡಿ ಬೆಳೆದ ಚಾಳಿ. ಅಲ್ಲಿ ಚೆಂಡು ಮೇಲೆ ಹೋದರೆ ಓಡಿಯೇ ಬಿಡುತ್ತಾರೆ. ಕ್ಯಾಚ್ ಬಿಟ್ಟರೆ ರನ್, ಹಿಡಿದರೆ ಹೊಡೆದವನೊಬ್ಬನೇ ಔಟ್, ಆಚೆ ತುದಿಯವನಿಗೆ ಏನೂ ನಷ್ಟವಿಲ್ಲ. ಸಾಫ್ಟ್‌ಬಾಲಿನಲ್ಲಿ ಆ ಒಂದು ಓಟಕ್ಕೆ ಎರಡು ಔಟ್ ಹೋಗುತ್ತವೆ. ಅವತ್ತು ತಂಗಿ ಬೇಸಿನ ಮೇಲೆ ಕಾಲಿಟ್ಟುಕೊಂಡು ನಿಂತು, ಚೆಂಡು ಗ್ಲೌಸಿಗೆ ತಾಗಿದಾಗ ಹೊರಟಿದ್ದರೆ? ಚೆಂಡು ಬಹಳ ದೂರ ಹೋಗಿತ್ತು, ಹಿಡಿದವಳು ಹಿಂದಕ್ಕೆ ಓಡುತ್ತಿದ್ದಳು. ತಂಗಿಯ ಓಟ ನಮಗೆ ಗೊತ್ತು. ಬರುತ್ತಿದ್ದಳು.

ಮರುದಿನದಿಂದ ಶಾಲೆ ಹಿಂದಿನ ಬಯಲಲ್ಲಿ ನಮ್ಮ ಪಾಠ ಶುರುವಾಯಿತು. ಕಲಿಸುವವಳು ಅವಳು, ಕಲಿಯುವವರು ನಾವು. ಪಿ.ಟಿ. ಸರ್ ಕೊಟ್ಟ ನಿಯಮದ ಪುಸ್ತಕ ಇಂಗ್ಲಿಷಿನಲ್ಲಿತ್ತು. ಓದಿ ಅರ್ಥ ಹೇಳುವುದು ನಮ್ಮ ಕೆಲಸ, ಓಡಿ ತೋರಿಸುವುದು ಅವಳದು. ಮೂವತ್ತರ ಹತ್ತಿರ ಬಂದ ಗಂಡಸರು ಯೂರಿಯಾ ಚೀಲದಿಂದ ಚೀಲಕ್ಕೆ ಓಡುವುದನ್ನು ನೋಡಲು ದನ ಕಾಯುವ ಹುಡುಗರೆಲ್ಲ ಸೇರಿದರು.

ನಮ್ಮನ್ನು ಬಹಳ ಗೋಳಾಡಿಸಿದ ಪ್ರಶ್ನೆ ಒಂದೇ: ಯಾವಾಗ ರನ್ನರನ್ನು ಮುಟ್ಟಬೇಕು, ಯಾವಾಗ ಬೇಸ್ ಮುಟ್ಟಿದರೆ ಸಾಕು? ಪುಸ್ತಕದಲ್ಲಿ ಎರಡು ಸಲ ಓದಿದರೂ ತಲೆಗೆ ಹೋಗಲಿಲ್ಲ. ತಂಗಿ ಟಂಟಂ ಲೆಕ್ಕದಲ್ಲಿ ಹೇಳಿದಳು. ಸುರಪುರದ ಟಂಟಂನಲ್ಲಿ ಸೀಟು ತುಂಬಿದೆ. ಹೊಸಬರು ಒಬ್ಬರು ಹತ್ತಿದರು. ಡ್ರೈವರ್ ‘ಸರೀರಿ, ಸರೀರಿ’ ಅಂತಾನೆ. ಎಲ್ಲರೂ ಒಂದೊಂದು ಜಾಗ ಮುಂದೆ ಸರಿಯಲೇಬೇಕು. ಹಾಗೆ, ಬ್ಯಾಟರ್ ಚೆಂಡನ್ನು ನೆಲಕ್ಕೆ ಹೊಡೆದು ಮೊದಲ ಬೇಸಿಗೆ ಹೊರಟರೆ ಅಲ್ಲಿದ್ದವಳು ಎದ್ದು ಎರಡನೆಯದಕ್ಕೆ ಹೋಗಲೇಬೇಕು, ಎರಡರಲ್ಲೂ ಒಬ್ಬಳಿದ್ದರೆ ಅವಳು ಮೂರಕ್ಕೆ. ಹೀಗೆ ಹಿಂದಿನವರ ದೂಡಿಕೆಯಿಂದ ಓಡಲೇಬೇಕಾದವಳನ್ನು ಔಟ್ ಮಾಡಲು, ಅವಳು ಹೋಗಬೇಕಾದ ಬೇಸನ್ನು ಚೆಂಡು ಹಿಡಿದು ಮೊದಲು ಮುಟ್ಟಿದರೆ ಸಾಕು. ಇದಕ್ಕೆ ಫೋರ್ಸ್ ಔಟ್ ಅನ್ನುತ್ತಾರೆ.

ನಡುವೆ ಒಂದು ಸೀಟು ಖಾಲಿ ಇದ್ದರೆ? ಅದರ ಮುಂದೆ ಕೂತವರು ಸರಿಯಬೇಕಿಲ್ಲ. ಮೊದಲ ಬೇಸ್ ಖಾಲಿ, ಎರಡರಲ್ಲಿ ಮಾತ್ರ ಒಬ್ಬಳು ಅಂದರೆ ಅವಳಿಗೆ ದೂಡಿಕೆ ಇಲ್ಲ. ತನ್ನ ಖುಷಿಗೆ ಓಡಿದರೆ ಚೆಂಡಿರುವ ಕೈಯಿಂದ ಅವಳ ಮೈಯನ್ನೇ ಮುಟ್ಟಬೇಕು. ಇನ್ನು ಹತ್ತಲು ಬಂದವನೇ ಇಳಿದು ಹೋದರೆ, ಅಂದರೆ ಬ್ಯಾಟರ್ ಔಟಾದರೆ, ಯಾರೂ ಸರಿಯಬೇಕಿಲ್ಲ. ಫೋರ್ಸ್ ಅಲ್ಲಿಗೆ ಮುಗಿಯಿತು. ಟಂಟಂನಲ್ಲಿ ಅಷ್ಟು ವರ್ಷ ಒತ್ತಿಕೊಂಡು ಓಡಾಡಿದ್ದು ಒಂದು ಪಾಠಕ್ಕಾದರೂ ಬಂತು.

ಕಾಕಾ ಕೇಳಿದ್ದು ಈ ಪ್ರಶ್ನೆಯನ್ನೇ. ಹೊಲದಿಂದ ಬರುತ್ತ ಬಯಲಿನ ಅಂಚಿಗೆ ನಿಂತಿದ್ದ. ನಾವು ಅವನಿಗೆ ಆಗಲೇ ಪೂರ್ತಿ ವಿಡಿಯೊ ತೋರಿಸಿ, ತಪ್ಪು ನಮ್ಮದು ಅಂತ ಹೇಳಿದ್ದೆವು. ಅವನು ‘ಹೂಂ’ ಅಂದಿದ್ದ, ಅಷ್ಟೆ. ಈಗ ದೂರದಿಂದಲೇ ಕೂಗಿದ, “ಕ್ಯಾಚ್ ಹಿಡದ್ರ ಹೊಡದಾಕಿ ಔಟ್. ಹಂಗಾದ್ರ ನಿನ್ನ ಹಿಂದ ದೂಡೋರು ಯಾರೂ ಇರಲಿಲ್ಲ. ಮತ್ತ ನಿನ್ನ ಮೈ ಮುಟ್ಟಬೇಕಿತ್ತಲ್ಲ?” ಒಳ್ಳೆ ಪ್ರಶ್ನೆ. ನಾವು ಪುಸ್ತಕ ತಿರುವಿದೆವು. ತಂಗಿ ತಿರುವಲಿಲ್ಲ. “ಅದು ಫೋರ್ಸ್ ಅಲ್ಲಪ್ಪ, ಅಪೀಲು. ಮುಂದಕ್ಕ ಹೋಗಾಕಲ್ಲ, ಹಿಂದಕ್ಕ ಬರಾಕ ಬಾಕಿ ಇತ್ತು. ನಾ ಬಿಟ್ಟ ಜಾಗಕ್ಕ ನಾ ಮುಟ್ಟೂದ್ರೊಳಗ ಅವರ ಚೆಂಡು ಮುಟ್ಟಿತು.” ಕಾಕಾ ಮತ್ತೆ ‘ಹೂಂ’ ಅಂದ. ಆದರೆ ಹೋಗಲಿಲ್ಲ, ಬದುವಿನ ಮೇಲೆ ಕೂತ.

ಬೇರೆ ನಿಯಮಗಳು ಇಷ್ಟು ಕಷ್ಟವಾಗಲಿಲ್ಲ. ಪಿಚರ್ ಕೈಯಿಂದ ಚೆಂಡು ಹೊರಡುವ ಮೊದಲು ರನ್ನರ್ ಬೇಸ್ ಬಿಡುವಂತಿಲ್ಲ. ಬಿಟ್ಟರೆ ಔಟ್, ಆ ಪಿಚ್ ಲೆಕ್ಕಕ್ಕಿಲ್ಲ. ಇದಕ್ಕೆ ಅಪೀಲು ಬೇಡ, ಅಂಪೈರೇ ಹೇಳುತ್ತಾರೆ. ಟಿವಿಯಲ್ಲಿ ಅಮೆರಿಕದ ಬೇಸ್‌ಬಾಲ್ ನೋಡಿದವರು ಇಲ್ಲಿ ಎಡವುತ್ತಾರೆ, ಅಲ್ಲಿ ರನ್ನರ್ ಮೊದಲೇ ನಾಲ್ಕು ಹೆಜ್ಜೆ ಮುಂದೆ ಬಂದು ನಿಲ್ಲುತ್ತಾನೆ. ನಮಗೆ ಇದನ್ನು ನೆನಪಿಡಲು ದೀಪ್ತಿ ಶರ್ಮಾ ಸಾಕು. 2022ರ ಸೆಪ್ಟೆಂಬರಿನಲ್ಲಿ ಲಾರ್ಡ್ಸ್ ಮೈದಾನದಲ್ಲಿ ಬೌಲಿಂಗ್ ಮುಗಿಯುವ ಮೊದಲೇ ಕ್ರೀಸ್ ಬಿಟ್ಟ ಇಂಗ್ಲೆಂಡಿನ ಚಾರ್ಲಿ ಡೀನ್ ಅವರನ್ನು ದೀಪ್ತಿ ರನ್ ಔಟ್ ಮಾಡಿದ್ದರು. ಎಷ್ಟು ಗಲಾಟೆ ಆಯಿತು! ನಿಯಮದೊಳಗೇ ಆಡಿದ ಹುಡುಗಿಯನ್ನು ಮೋಸಗಾತಿ ಅಂದವರನ್ನು ಆಗ ನಾವು ಚೆನ್ನಾಗಿ ಬೈದಿದ್ದೆವು. ನಮ್ಮ ವಿಡಿಯೊದ ಕೆಳಗೆ, ಚೆಂಡು ಹಿಡಿದು ಮೂರನೇ ಬೇಸ್ ತುಳಿದ ಆ ಹುಡುಗಿಯನ್ನು ಜನ ಅದೇ ಮಾತಿನಿಂದ ಕರೆದಿದ್ದರು. ಅವಳೂ ಯಾವುದೋ ಹಳ್ಳಿಯ ಎಂಟನೆಯದೋ ಒಂಬತ್ತನೆಯದೋ ಕ್ಲಾಸಿನ ಹುಡುಗಿ. ತನ್ನ ಆಟದ ನಿಯಮ ಚೆನ್ನಾಗಿ ಕಲಿತವಳು.

ಮೊದಲ ಬೇಸ್ ಒಂದಕ್ಕೆ ರಿಯಾಯಿತಿ ಇದೆ. ಹೊಡೆದು ಓಡಿ ಬಂದವಳು ಅದನ್ನು ತುಳಿದು ಓಡಿದ ಭರಕ್ಕೆ ಮುಂದೆ ಹೋದರೂ ಪರವಾಗಿಲ್ಲ, ನೇರ ವಾಪಸ್ ಬಂದರೆ ಔಟ್ ಮಾಡುವಂತಿಲ್ಲ. ಎರಡನೇ ಬೇಸಿನ ಕಡೆ ಹೊರಡುವ ಪ್ರಯತ್ನ ಮಾಡಿದಳೋ, ರಿಯಾಯಿತಿ ಹೋಯಿತು. ಎರಡು, ಮೂರರಲ್ಲಿ ಆ ಸೌಲಭ್ಯ ಇಲ್ಲ, ಅಲ್ಲೇ ನಿಲ್ಲಬೇಕು. ದೊಡ್ಡ ಮೈದಾನಗಳಲ್ಲಿ ಮೊದಲ ಬೇಸ್ ಜೋಡಿಯಾಗಿರುತ್ತದೆ, ಅರ್ಧ ಬಿಳಿ ಅರ್ಧ ಕಿತ್ತಳೆ. ಬಿಳಿ ಫೀಲ್ಡರಿಗೆ, ಹೊರಗಿನ ಕಿತ್ತಳೆ ಓಡಿ ಬರುವವಳಿಗೆ. ಇಬ್ಬರೂ ಒಂದೇ ಚೀಲಕ್ಕೆ ನುಗ್ಗಿ ಕಾಲು ಮುರಿದುಕೊಳ್ಳಬಾರದು ಅಂತ. ನಾವು ಒಂದು ಚೀಲಕ್ಕೆ ಜಾಜು ಬಳಿದು ಪಕ್ಕಕ್ಕಿಟ್ಟೆವು.

ಮುಟ್ಟಿಸಿಕೊಳ್ಳದಿರಲು ಬೇಕಾದ ಕಡೆ ಸುತ್ತಿ ಓಡುವಂತೆಯೂ ಇಲ್ಲ. ದಾರಿಯಿಂದ 3 ಅಡಿಗಿಂತ ಹೆಚ್ಚು ಸರಿದು ತಪ್ಪಿಸಿಕೊಂಡರೆ ಔಟ್. ಖೋಖೋ ಆಡಿದ ಹುಡುಗಿಯರಿಗೆ ಇದು ಬಹಳ ಕಷ್ಟವಂತೆ, ಅಲ್ಲಿ ಮೈ ಬಳುಕಿಸಿ ತಪ್ಪಿಸಿಕೊಳ್ಳುವುದೇ ಆಟ. ಮುಂದೆ ಓಡುತ್ತಿರುವ ತನ್ನದೇ ತಂಡದವಳನ್ನು ದಾಟಿ ಹೋದರೂ ಔಟ್. ನಮ್ಮ ಮೂವರಲ್ಲಿ ದಪ್ಪಗಿರುವವನ ಹಿಂದೆ ಓಡಿ ಇದನ್ನು ನಾಲ್ಕು ಸಲ ಕಲಿತೆವು.

ನಮಗೆ ಬಹಳ ಹಿಡಿಸಿದ್ದು ಪಿಚರ್ ವೃತ್ತದ ನಿಯಮ. ಪಿಚರ್ ಸುತ್ತ 8 ಅಡಿ ತ್ರಿಜ್ಯದ ಒಂದು ಗುಂಡು ಗೆರೆ ಇರುತ್ತದೆ. ಆಟ ಒಂದು ಹಂತಕ್ಕೆ ಬಂದು ಚೆಂಡು ಅದರೊಳಗೆ ಪಿಚರ್ ಕೈ ಸೇರಿದರೆ, ಬೇಸ್ ಬಿಟ್ಟು ಹೊರಗಿರುವ ರನ್ನರ್ ತಕ್ಷಣ ಮುಂದೆ ಹೋಗಬೇಕು ಇಲ್ಲವೇ ಹಿಂದೆ ಬರಬೇಕು. ನಡುವೆ ನಿಂತು ‘ಹೋಗಲೋ ಬೇಡವೋ’ ಅಂತ ಪಿಚರನ್ನು ಕಾಡಿಸುವಂತಿಲ್ಲ, ನಿಂತರೆ ಔಟ್. ಸಣ್ಣವರಿದ್ದಾಗ ‘ಸ್ಟ್ಯಾಚೂ’ ಅಂದರೆ ಅಲ್ಲಾಡಿದವರು ಔಟಾಗುತ್ತಿದ್ದರಲ್ಲ, ಇದು ಅದರ ಉಲ್ಟಾ.

ಬದುವಿನ ಮೇಲೆ ಕೂತ ಕಾಕಾನನ್ನು ಎಬ್ಬಿಸಿದ್ದು ಮಾತ್ರ ಬೇರೆ ನಿಯಮ. ಹೆಸರು ಇನ್‌ಫೀಲ್ಡ್ ಫ್ಲೈ. ಅದು ಶುರುವಾದದ್ದೂ ಅವನ ಸಂಶಯದಿಂದಲೇ. ಕ್ಯಾಚ್ ಆದರೆ ರನ್ನರ್ ಬೇಸಿನಲ್ಲೇ ಇರಬೇಕು, ಆಗದಿದ್ದರೆ ಹಿಂದಿನವರ ದೂಡಿಕೆಗೆ ಓಡಲೇಬೇಕು. ಹಾಗಿದ್ದರೆ ಹತ್ತಿರದ ಫೀಲ್ಡರ್ ಸುಲಭದ ಕ್ಯಾಚನ್ನು ಬೇಕಂತಲೇ ಕೆಳಗೆ ಬಿಟ್ಟರೆ? ರನ್ನರುಗಳು ಕಾಯುತ್ತ ನಿಂತಿರುತ್ತಾರೆ. ಬಿದ್ದ ಚೆಂಡನ್ನು ಎತ್ತಿ ಒಂದು ಬೇಸಿಗೆ ಎಸೆದು ಒಂದು, ಅಲ್ಲಿಂದ ಇನ್ನೊಂದಕ್ಕೆ ಎಸೆದು ಇನ್ನೊಂದು, ಎರಡು ಔಟ್ ತೆಗೆಯಬಹುದು. ಕಾಕಾ ಇದನ್ನು ತಾನೇ ಯೋಚನೆ ಮಾಡಿ ಹೇಳಿದ. “ನಾ ಆಗಿದ್ರ ಹಂಗೇ ಮಾಡ್ತಿದ್ದೆ. ಈ ಆಟದಾಗ ಮೋಸಕ್ಕ ಜಾಗ ಅದ ಅಂದಿದ್ದು ಇದಕ್ಕ.”

ತಂಗಿ ಓಡಿ ಬಂದು ನಮ್ಮ ಕೈಯಿಂದ ಪುಸ್ತಕ ಕಿತ್ತುಕೊಂಡಳು. ಮೊದಲ ಮತ್ತು ಎರಡನೇ ಬೇಸಿನಲ್ಲಿ, ಅಥವಾ ಮೂರರಲ್ಲೂ ರನ್ನರ್ ಇದ್ದು, ಔಟ್ ಎರಡಕ್ಕಿಂತ ಕಡಿಮೆ ಇದ್ದಾಗ, ಒಳಗಿನ ಫೀಲ್ಡರ್ ಸಲೀಸಾಗಿ ಹಿಡಿಯಬಹುದಾದ ಎತ್ತರದ ಚೆಂಡು ಬಂದರೆ ಅಂಪೈರ್ ಅದು ಗಾಳಿಯಲ್ಲಿರುವಾಗಲೇ ಬ್ಯಾಟರ್ ಔಟ್ ಅಂತ ಕೂಗಿಬಿಡುತ್ತಾರೆ. ಹಿಡಿದರೂ ಔಟ್, ಬಿಟ್ಟರೂ ಔಟ್. ಹತ್ತಲು ಬಂದವನೇ ಇಳಿದ ಹಾಗಾಯಿತಲ್ಲ, ಉಳಿದವರಿಗೆ ದೂಡಿಕೆ ಇಲ್ಲ. ಬೇಕಂತ ಬಿಟ್ಟು ಪ್ರಯೋಜನ ಇಲ್ಲ.

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ನಕ್ಕ. “ನಾ ಈಗ ಯೋಚನಿ ಮಾಡಿದ್ದು ಅವರು ಆಗಲೇ ಮಾಡಿ ಬಾಗ್ಲ ಹಾಕ್ಯಾರ.” ಅಂದವನೇ ಎದ್ದು ಧೋತರ ಎತ್ತಿ ಕಟ್ಟಿ ಎರಡನೇ ಚೀಲದ ಹತ್ತಿರ ಬಂದು ನಿಂತ.

ಅಂಪೈರ್ ಯಾರು ಅಂತ ಪಿ.ಟಿ. ಸರ್ ಹತ್ತಿರ ಕೇಳಿ ಫೋನ್ ಮಾಡಿದೆವು. ಅವರೂ ಒಂದು ಶಾಲೆಯ ದೈಹಿಕ ಶಿಕ್ಷಕರು. ತಪ್ಪಾಯ್ತು ಸರ್, ವಿಡಿಯೊ ತೆಗೆದಿದ್ದೇವೆ, ಸರಿಯಾದದ್ದನ್ನು ಹಾಕುತ್ತೇವೆ ಅಂದೆವು. ಸಿಟ್ಟು ಮಾಡುತ್ತಾರೆ ಅಂದುಕೊಂಡಿದ್ದೆವು, ಮಾಡಲಿಲ್ಲ. “ಆತು ಬಿಡ್ರಿ. ನಿಮ್ಮ ಹುಡುಗಿ ಚೊಲೋ ಓಡ್ತಾಳ” ಅಂದರು. ಸ್ವಲ್ಪ ತಡೆದು, “ಆ ವಿಡಿಯೊ ನನ್ನ ಮಗಳ ಫೋನಿಗೂ ಬಂದಿತ್ರೀ. ಅಪ್ಪಾ, ನೀ ಹಿಂಗ ಮಾಡಿದಿ ಏನು ಅಂತ ಕೇಳಿದ್ಳು” ಅಂದರು. ನಮಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅವರೇ ಫೋನ್ ಇಟ್ಟರು.

ಹೊಸ ವಿಡಿಯೊ ಮಾಡಿದೆವು. ಪೂರ್ತಿ ದೃಶ್ಯ ಹಾಕಿ, ತಂಗಿಯ ಕಾಲು ಎಲ್ಲಿ ಎದ್ದಿತು, ಚೆಂಡು ಯಾವಾಗ ತಾಗಿತು ಅಂತ ನಿಲ್ಲಿಸಿ ತೋರಿಸಿ, ನಮ್ಮ ಕೂಗನ್ನೂ ತೆಗೆಯದೆ ಬಿಟ್ಟು, ‘ತಪ್ಪು ನಮ್ಮದು’ ಅಂತ ಬರೆದೆವು. ಹಳೆಯದು ಹೋದ ಗುಂಪುಗಳಿಗೆಲ್ಲ ಕಳಿಸಿದೆವು. ಹತ್ತರಲ್ಲಿ ಒಬ್ಬರೂ ಅದನ್ನು ಮುಂದೆ ಕಳಿಸಲಿಲ್ಲ. ಹಳೆಯದು ಮಾತ್ರ ಈ ದೀಪಾವಳಿಗೂ ಒಂದು ಸಲ ತಿರುಗಿ ಬಂತು, ಈ ಸಲ ಬೇರೆ ಜಿಲ್ಲೆಯ ಹೆಸರು ಹಾಕಿಕೊಂಡು. ಅದಕ್ಕೇ ಇದನ್ನು ಇಷ್ಟುದ್ದ ಇಲ್ಲಿ ಬರೆದದ್ದು. ನಿಮ್ಮ ಗುಂಪಿಗೆ ಬಂದರೆ ಇದನ್ನು ಅದರ ಕೆಳಗೆ ಹಾಕಿ.

ಕಾಕಾ ‘ಕಳಸ್ತೀನಿ’ ಅಂತ ಬಾಯಿಬಿಟ್ಟು ಇನ್ನೂ ಹೇಳಿಲ್ಲ. ತೊಗರಿ ರಾಶಿ ಆಗಲಿ ಅಂತಾನೆ. ಆದರೆ ಹೋದ ವಾರ ಸುರಪುರದ ಸಂತೆಯಿಂದ ಬರುವಾಗ ಮಗಳಿಗೆ ಬೂಟು ತಂದಿದ್ದ. ಒಂದು ನಂಬರ್ ದೊಡ್ಡದು.

ನಿನ್ನೆ ಸಂಜೆ ಮತ್ತೆ ಬಯಲಿಗೆ ಹೋಗಿದ್ದೆವು. ತಂಗಿ ಮೂರನೇ ಚೀಲದ ಮೇಲೆ ಹೊಸ ಬೂಟು ಇಟ್ಟುಕೊಂಡು ಬಗ್ಗಿ ನಿಂತಿದ್ದಳು. ನಮ್ಮಲ್ಲೊಬ್ಬ ಎತ್ತಿ ಹೊಡೆದ. ಚೆಂಡು ಬೇವಿನ ಮರದಷ್ಟು ಎತ್ತರ ಹೋಯಿತು, ಕೆಳಗೆ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಗ್ಲೌಸ್ ಎತ್ತಿಕೊಂಡು ಆಚೆ ಈಚೆ ಹೆಜ್ಜೆ ಹಾಕುತ್ತಿದ್ದಳು. ದನ ಕಾಯುವ ಹುಡುಗರು “ಓಡಕ್ಕಾ, ಓಡು” ಅಂತ ಶುರುಮಾಡಿದರು. ಬದುವಿನ ಮೇಲಿದ್ದ ಕಾಕಾ ಎದ್ದು ನಿಂತು ಎರಡೂ ಅಂಗೈ ಮುಂದೆ ಮಾಡಿದ.

“ಏ, ಸುಮ್ಕಿರ್ರಲೇ. ಇನ್ನಾ ಬಿದ್ದಿಲ್ಲ.”